ನಮ್ಮೂರ ಕರಡಿಗೆ ಸ್ವೆಟರ್ ಬೇಡ

ಒಂದು ವಿನಂತಿ. ನಿಮ್ಮ ಮಗು ಓದಿ, ಬೇಜಾರಾಗಿ, ಸೋಫಾ ಕೆಳಗೆ ತಳ್ಳಿದ ಪುಸ್ತಕಗಳನ್ನ ರಟ್ಟಿನ ಡಬ್ಬಿಗೆ ತುಂಬಿ ನಮ್ಮೂರಿಗೆ ಕಳಿಸಬೇಡಿ.

ನವೆಂಬರ್ ಬಂತು ಅಂದ್ರೆ ಸಾಕು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಲ್ಲಿ ಒಂದು ಪೋಸ್ಟರು, ಆಫೀಸಿನ ಇನ್‌ಬಾಕ್ಸಲ್ಲಿ ಒಂದು ಮೇಲು: 'ಬುಕ್ ಡೊನೇಷನ್ ಡ್ರೈವ್'. ಮಕ್ಕಳ ದಿನಾಚರಣೆಗೆ ಹಳ್ಳಿ ಮಕ್ಕಳಿಗೆ ಓದುವ ಖುಷಿ ಹಂಚಬೇಕಂತೆ. ಲಿಫ್ಟಿನ ಪಕ್ಕ ಒಂದು ಡಬ್ಬಿ ಬಂದು ಕೂರುತ್ತೆ. ಎರಡು ವಾರದಲ್ಲಿ ತುಂಬುತ್ತೆ. ತುಂಬಿದವರ ಕಪಾಟು ಖಾಲಿ, ಮನಸ್ಸು ಹಗುರ, ಒಂದು ಗ್ರೂಪ್ ಫೋಟೊ. ಆ ಡಬ್ಬಿ ಹೋಗಿ ಇಳಿಯೋದು ನಮ್ಮೂರಂಥ ಊರಲ್ಲಿ.

ನಮ್ಮೂರು ಇಟ್ಟಿಗಿ, ಹೂವಿನಹಡಗಲಿ ತಾಲ್ಲೂಕು. (ಹೆಸರು ಕೇಳಿದ ಕೂಡಲೇ 'ಓ, ಮಹಾದೇವ ದೇವಾಲಯ!' ಅನ್ನೋರಿಗೆ: ಅದು ಕೊಪ್ಪಳ ಜಿಲ್ಲೆಯ ಇಟಗಿ. ಅವರ ಗುಡಿಯ ಕೀರ್ತಿ ಅವರಿಗೇ ಇರಲಿ.) ಬಾಯಿಗೆ ಇನ್ನೂ ಬಳ್ಳಾರಿ ಜಿಲ್ಲೆ ಅಂತಲೇ ಬರೋದು, 2021ರಿಂದ ವಿಜಯನಗರ. ಊರಲ್ಲಿ ಪಂಚಾಯ್ತಿ ಲೈಬ್ರರಿ ಇದೆ. ಇಂಥ ಲೈಬ್ರರಿಗಳು ಕೆಲವು ವರ್ಷಗಳ ಹಿಂದೆ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ 'ಅರಿವು ಕೇಂದ್ರ' ಅನ್ನೋ ಹೆಸರೂ ಇದೆ. ಕೋವಿಡ್ಡಿನಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರಲ್ಲಿ, 'ಓದುವ ಬೆಳಕು' ಅಂತ ಒಂದು ಕಾರ್ಯಕ್ರಮ ಮಾಡಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಸರ್ಕಾರದ ಕೆಲಸಗಳಲ್ಲಿ ನಾನು ಮನಸಾರೆ ಮೆಚ್ಚಿದ ಕೆಲವೇ ಕೆಲಸಗಳಲ್ಲಿ ಇದೂ ಒಂದು. ಬಾಗಿಲು ತೆರೀತು, ಮಕ್ಕಳು ಒಳಗೆ ಬಂದರು. ಒಳಗೆ ಬಂದ ಮಗುವಿನ ಕೈಗೆ ಏನು ಸಿಗುತ್ತೆ ಅನ್ನೋದು ಈಗಿನ ತಕರಾರು.

ಹೋದ ದಸರೆ ರಜೆಯಲ್ಲಿ ಅಂಥದ್ದೊಂದು ಡಬ್ಬಿಯನ್ನ ನೆಲಕ್ಕೆ ಸುರುವಿ ಎಣಿಸಿದೆ. 71 ಪುಸ್ತಕ. 60 ಇಂಗ್ಲಿಷು. ಅದರಲ್ಲಿ ಹದಿನೈದು ಬಣ್ಣ ತುಂಬೋ ಪುಸ್ತಕ, ಬಣ್ಣ ಆಗಲೇ ತುಂಬಿತ್ತು. ರಾಜಕುಮಾರಿಯರು ಎಂಟು ಜನ. ಪಾಟಿ ಟ್ರೈನಿಂಗ್ ಬಗ್ಗೆ ದಪ್ಪ ರಟ್ಟಿನದೊಂದು. ಹಿಮದ ಮನುಷ್ಯನ ಮೂಗಿಗೆ ಕ್ಯಾರೆಟ್ ಸಿಕ್ಕಿಸೋ ಕಥೆ ಮೂರು ಬೇರೆಬೇರೆ ಪ್ರಕಾಶಕರದ್ದು. ಒಂದು ಕ್ಯಾಟ್ ಪರೀಕ್ಷೆ ಗೈಡೂ ಇತ್ತು, ಯಾರೋ ಪಾಸಾಗಿರಬೇಕು, ಸಂತೋಷ. ಕನ್ನಡದ್ದು 11. ಅದರಲ್ಲಿ 9ರ ಹೆಸರಲ್ಲಿ 'ನೀತಿ' ಅನ್ನೋ ಶಬ್ದ.

ಇದನ್ನ ನನ್ನ ಗೆಳೆಯರ ಮುಂದೆ ಹೇಳಿದಾಗ ಬಂದ ಉತ್ತರ: 'ಏನೂ ಇಲ್ಲದೇ ಇರೋದಕ್ಕಿಂತ ಇದು ವಾಸಿ ಅಲ್ವಾ ಮಗಾ?' ಅಲ್ಲ. ಹೇಗೆ ಅಲ್ಲ ಅಂತ ಹೇಳೋಕೇ ಇಷ್ಟು ಬರೀತಿದ್ದೇನೆ.

ನಮ್ಮ ಕಡೆ ಗುಳೆ ಅಂತ ಒಂದಿದೆ. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ತಾಲ್ಲೂಕಿನ ಊರು-ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಜನ ಮನೆಗೆ ಬೀಗ ಹಾಕಿ ಹೊರಡುತ್ತಾರೆ. ಮಂಡ್ಯದ ಕಬ್ಬಿಗೆ, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡಗಳಿಗೆ. ಅಜ್ಜಿ ಗಟ್ಟಿ ಇದ್ದರೆ ಮಗು ಊರಲ್ಲಿ ಉಳಿಯುತ್ತೆ, ಇಲ್ಲಾಂದ್ರೆ ಜೊತೆಗೆ ಹೋಗುತ್ತೆ. ಅಂಥ ಮಗುವಿಗೆ ಲೈಬ್ರರಿ ಸಿಗೋದು ವರ್ಷದಲ್ಲಿ ಕೆಲವೇ ತಿಂಗಳು. ಆ ತಿಂಗಳುಗಳಲ್ಲಿ ಅದು ಹತ್ತು ಪುಸ್ತಕ ಮುಟ್ಟಿದರೆ ಹೆಚ್ಚು. ಹತ್ತರಲ್ಲಿ ಎಂಟು ತಿಳಿಯದ ಭಾಷೆಯವು, ಯಾರೋ ಗೀಚಿ ಮುಗಿಸಿದವು, ಇಲ್ಲಾ ಪಾಠ ಹೇಳೋಕೆ ಬಂದವು ಆದರೆ, ಪುಸ್ತಕ ಅಂದ್ರೆ ಇಷ್ಟೇ ಅಂತ ಅದಕ್ಕೆ ಏಳನೇ ವಯಸ್ಸಿಗೇ ತೀರ್ಮಾನ ಆಗಿಬಿಡುತ್ತೆ. ಆಮೇಲೆ ಯಾವ ಪುಸ್ತಕ ತಂದಿಟ್ಟರೂ ಕೈ ಚಾಚಲ್ಲ. ಖಾಲಿ ಕಪಾಟಿನ ಮೇಲೆ ಮಗುವಿಗೆ ಆಸೆಯಾದರೂ ಉಳಿದಿರುತ್ತೆ.

ಇನ್ನೊಂದು ಮಾತು. ನಿಮ್ಮ ಲಾಬಿಯ ಡಬ್ಬಿ ಮುನ್ನೂರು ಕಿಲೋಮೀಟರ್ ಪ್ರಯಾಣ ಮಾಡಿ ನಮ್ಮೂರು ಸೇರೋ ಹೊತ್ತಿಗೆ, ಅದನ್ನ ಓದಬೇಕಾಗಿದ್ದ ಮಗು ನಿಮ್ಮ ಪಕ್ಕದ ಸೈಟಿನ ತಗಡಿನ ಶೆಡ್ಡಿಗೆ ಬಂದಿರಬಹುದು. ಬಾಲ್ಕನಿಯಿಂದ ಒಮ್ಮೆ ಬಗ್ಗಿ ನೋಡಿ.

ಸರಿ, ಹಳೇದು ಬೇಡ, ಹೊಸದೇ ಕೊಳ್ಳೋಣ ಅಂದ್ರಿ. ಒಳ್ಳೇದು. ಕೊಳ್ಳೋದು ಹೇಗೆ? ಈಗ ನಡೀತಿರೋದು ಹೀಗೆ: ಒಬ್ಬ ಸರಬರಾಜುದಾರ 'ನೂರು ಪುಸ್ತಕಗಳ ಕಿಟ್' ಅಂತ ಕೊಟೇಶನ್ ಕಳಿಸ್ತಾನೆ. ಯಾವ ಪುಸ್ತಕ, ಯಾರು ಬರೆದಿದ್ದು, ಯಾರು ಚಿತ್ರ ಬರೆದಿದ್ದು, ಒಂದೂ ಇಲ್ಲ. 'ಮಲ್ಟಿಕಲರ್, 16 ಪುಟ, ವಯಸ್ಸು 4ರಿಂದ 12' ಅಂತ ಇರುತ್ತೆ. ನಾಲ್ಕರಿಂದ ಹನ್ನೆರಡು! ಚಪ್ಪಲಿಯನ್ನ ಯಾರಾದ್ರೂ ಹೀಗೆ ಕೊಳ್ತಾರಾ? ಫೋನ್ ತಗೊಳ್ಳೋಕೆ ಮೂರು ವಾರ ರಿವ್ಯೂ ನೋಡೋ ಜನ ನಾವು, ಏರ್‌ಫ್ರೈಯರ್‌ಗೆ ಎಕ್ಸೆಲ್ ಶೀಟ್ ಮಾಡೋ ಜನ. ಮಕ್ಕಳ ಪುಸ್ತಕದ ವಿಷಯಕ್ಕೆ ಬಂದಾಗ ಮಾತ್ರ ಪುಟಕ್ಕೆಷ್ಟು ಅಂತ ಭಾಗಾಕಾರ. ನಮ್ಮನ್ನೇ ಯಾಕೆ ಬೈಬೇಕು, ಸರ್ಕಾರದ ಸಗಟು ಖರೀದಿಯಲ್ಲೂ ಪುಟ ಎಣಿಸಿ ದರ ಕಟ್ಟೋದೇ ಪದ್ಧತಿ. ಪುಟ ಎಣಿಸೋ ಕಡೆ ಚಿತ್ರಪುಸ್ತಕ ಬದುಕಲ್ಲ. ಅದರ ಖರ್ಚು ಇರೋದು ಪುಟದಲ್ಲಲ್ಲ, ಒಬ್ಬ ಕಲಾವಿದೆ ಆರು ತಿಂಗಳು ಕೂತು ಬಿಡಿಸಿದ್ದರಲ್ಲಿ.

ಚಿತ್ರಪುಸ್ತಕ ಅಂದ್ರೆ ಕಥೆಗೆ ಚಿತ್ರ ಅಂಟಿಸಿದ್ದು ಅಂತ ನಮ್ಮಲ್ಲಿ ಬಹಳ ಜನ ತಿಳ್ಕೊಂಡಿದ್ದಾರೆ, ಪ್ರಕಾಶಕರಲ್ಲೂ ಕೆಲವರು. ಹಾಗಲ್ಲ. ಅಲ್ಲಿ ಅರ್ಧ ಕಥೆ ಮಾತು ಹೇಳುತ್ತೆ, ಉಳಿದರ್ಧ ಚಿತ್ರ ಹೇಳುತ್ತೆ, ಒಮ್ಮೊಮ್ಮೆ ಎರಡೂ ಜಗಳ ಆಡುತ್ತವೆ. 'ತಮ್ಮ ಮಲಗಿದ' ಅಂತ ಬರೆದಿದ್ದು, ಚಿತ್ರದಲ್ಲಿ ತಮ್ಮ ಕೌದಿಯೊಳಗೆ ಒಂದು ಕಣ್ಣು ಬಿಟ್ಟುಕೊಂಡು ಬೆಲ್ಲ ಚೀಪ್ತಿದ್ದರೆ, ಓದಿ ಹೇಳ್ತಿರೋ ದೊಡ್ಡವರಿಗಿಂತ ನೋಡ್ತಿರೋ ಮಗುವಿಗೆ ಒಂದು ವಿಷಯ ಜಾಸ್ತಿ ಗೊತ್ತಾಯ್ತು. ಓದು ಬರದ ಮಗು ಓದು ಬರುವವರನ್ನ ಸೋಲಿಸೋ ಜಾಗ ಇದೊಂದೇ. ನಿಮ್ಮ ಮನೆ ಕಪಾಟಲ್ಲೇ ಇರಬಹುದು, ಮಾರಿಸ್ ಸೆಂಡಾಕ್‌ನ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' (1963). ಹುಡುಗನ ಸಿಟ್ಟು ಬೆಳೆದಂಗೆ ಚಿತ್ರವೂ ಪುಟದ ತುಂಬ ಬೆಳೀತಾ ಹೋಗಿ, ನಡುವಿನ ಮೂರು ಹರವಿನಲ್ಲಿ ಮಾತೇ ಇಲ್ಲ. ಸಿಟ್ಟು ಇಳಿದ ಮೇಲೆ ಮಾತು ವಾಪಸ್ ಬರುತ್ತೆ. ತೆಗೆದು ಇನ್ನೊಮ್ಮೆ ನೋಡಿ, ಮಗುವಿಗೆ ಓದಿಸೋ ಅವಸರದಲ್ಲಿ ನೀವು ನೋಡಿರಲಿಕ್ಕಿಲ್ಲ.

ಹಾಗಾಗಿ ಹೊಸ ಪುಸ್ತಕ ಕೈಗೆ ಬಂದಾಗ ನಾನು ಮೊದಲು ಅಕ್ಷರಗಳ ಮೇಲೆ ಅಂಗೈ ಮುಚ್ಚಿ ಬರೀ ಚಿತ್ರ ನೋಡ್ತೀನಿ. ಆಮೇಲೆ ಚಿತ್ರ ಮುಚ್ಚಿ ಬರೀ ಮಾತು ಓದ್ತೀನಿ. ಎರಡೂ ಸಲ ಅದೇ ಕಥೆ ಪೂರ್ತಿ ತಿಳಿದರೆ ಅಲ್ಲಿ ಚಿತ್ರಕಾರರಿಗೆ ಕೆಲಸ ಕೊಟ್ಟಿಲ್ಲ ಅಂತ ಅರ್ಥ. 'ಆನೆ ನೀರು ಕುಡಿಯಿತು', ಚಿತ್ರದಲ್ಲೂ ಆನೆ, ನೀರು ಕುಡೀತಿದೆ. ಕಿಟ್ಟಿನ ನೂರರಲ್ಲಿ ತೊಂಬತ್ತು ಇಲ್ಲೇ ಬೀಳ್ತವೆ.

ಈಗ 'ಮಾರಲ್ ಏನು?' ಅನ್ನೋರ ಹತ್ರ ಬರ್ತೀನಿ. ಕಥೆ ಮುಗಿದ ಕೂಡಲೇ ದಪ್ಪ ಅಕ್ಷರದಲ್ಲಿ 'ನೀತಿ:' ಅಂತ ಒಂದು ಸಾಲು. ಇದನ್ನ ನಮ್ಮ ಸಂಪ್ರದಾಯ ಅಂತ ಬೇರೆ ಹೇಳ್ತಾರೆ, ಸಾಕ್ಷಿಗೆ ಪಂಚತಂತ್ರ ತರ್ತಾರೆ. ಸ್ವಾಮಿ, ಪಂಚತಂತ್ರವನ್ನ ಸುಮಾರು 1031ರಲ್ಲಿ ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯರ ಆಸ್ಥಾನದಲ್ಲಿ ಸಂಧಿವಿಗ್ರಹಿ ಆಗಿದ್ದವನು. ಯುದ್ಧ ಯಾವಾಗ, ರಾಜಿ ಯಾವಾಗ ಅಂತ ನೋಡೋದು ಅವನ ಉದ್ಯೋಗ. ಅದು ರಾಜಕೀಯದ ಪುಸ್ತಕ. ಪಂಚತಂತ್ರದ ಕಾಗೆ ತನ್ನ ಮರಿ ತಿಂದ ಹಾವನ್ನ ಕೊಲ್ಲಿಸೋಕೆ ಅರಮನೆಯ ಒಡವೆ ಕದ್ದು ಹುತ್ತಕ್ಕೆ ಹಾಕುತ್ತೆ. ಕಳ್ಳತನ, ಸುಳ್ಳು ಸಾಕ್ಷಿ, ಸುಪಾರಿ ಮೂರೂ ಆಯ್ತು. ಅದಕ್ಕೆ 'ಬುದ್ಧಿಯೇ ಬಲ' ಅಂತ ಕೆಳಗೆ ಬರೆದು ಮಡಿ ಮಾಡಿದರೆ ಆಯ್ತಾ? ಗೋವಿನ ಹಾಡನ್ನೇ ತಗೊಳ್ಳಿ. ಸತ್ಯದ ಪಾಠ ಅಂತ ನಾವು ಹೇಳ್ತೀವಿ. ಕೇಳೋ ಮಗುವಿನ ಗಂಟಲು ಕಟ್ಟೋದು ಕರುವಿನ ಕಡೆ ನೋಡಿ, ಕೊನೆಗೆ ಅದು ಕೇಳೋ ಪ್ರಶ್ನೆ ಹುಲಿ ಬಗ್ಗೆ: 'ಅದ್ಯಾಕ ಸತ್ತೋತು?' ಆ ಪ್ರಶ್ನೆಗೆ ಒಂದು ಸಾಲಿನ ಉತ್ತರ ಅಚ್ಚು ಹಾಕಿದ ದಿನ ಹಾಡು ಸತ್ತಂಗೆ.

ನೀತಿ ಬೇಡ ಅಂದ್ರೆ ಕಥೆಯಲ್ಲಿ ಗಟ್ಟಿ ಏನೂ ಬೇಡ ಅಂತಲ್ಲ. ಮಹಾಶ್ವೇತಾ ದೇವಿ ಬರೆದು ಕನ್ಯಿಕಾ ಕಿಣಿ ಚಿತ್ರ ಬಿಡಿಸಿದ 'ದ ವೈ-ವೈ ಗರ್ಲ್' ಅಂತ ಪುಸ್ತಕ ಇದೆ, ಚೆನ್ನೈನ ತೂಲಿಕಾ ಪ್ರಕಾಶನದ್ದು. ಶಬರ ಬುಡಕಟ್ಟಿನ ಮೊಯ್ನಾ ಅನ್ನೋ ಹುಡುಗಿ ಎಲ್ಲದಕ್ಕೂ ಯಾಕೆ ಅಂತಾಳೆ. ಆಡು ಕಾಯೋ ಹೊತ್ತಲ್ಲೇ ಶಾಲೆ ಇಟ್ಟರೆ ನಾನು ಹೆಂಗೆ ಬರಲಿ, ಹೊತ್ತು ಬದಲಿಸಿ ಅಂತ ಜಗಳ ತೆಗೀತಾಳೆ. ಮಗುವಿಗೆ ಒಳ್ಳೆ ನಡತೆ ಕಲಿಸೋ ಪುಸ್ತಕ ಇದಲ್ಲ, ದೊಡ್ಡವರ ನೆಮ್ಮದಿ ಕೆಡಿಸೋದು. ಗುಳೆ ಹೋಗೋ ತಾಂಡಾದ ಮಕ್ಕಳ ಕೈಗೆ ಇಂಥದ್ದು ಬೀಳಬೇಕು. ಅದೇ ಶೃಂಗೇರಿ ಶ್ರೀನಿವಾಸನ ಕಥೆ ನೋಡಿ, ನೋನಿ ಅನ್ನೋ ಹೆಸರಲ್ಲಿ ರೋಹಿಣಿ ನಿಲೇಕಣಿ ಬರೆದು ಪ್ರಥಮ್ ಬುಕ್ಸ್ ತಂದದ್ದು. ಉದ್ದ ಕೂದಲಿನ ರೈತ ಕಟಿಂಗ್ ಮಾಡಿಸ್ಕೊಳ್ಳೋಕೆ ಹೊರಟರೆ ಯಾರಿಗೂ ಪುರುಸೊತ್ತಿಲ್ಲ. ಅಷ್ಟೇ. ಅದರಿಂದ ಏನೂ ಕಲಿಯೋದಿಲ್ಲ. ನಮ್ಮ ಲೈಬ್ರರಿಯಲ್ಲಿ ಅದನ್ನ ನಾಲ್ಕು ಸಲ ಓದಿಸಿಕೊಂಡರು. ಕಟಿಂಗಿಗೆ ಪುರುಸೊತ್ತಿಲ್ಲದೆ ಅಲೆಯೋ ಮನುಷ್ಯ ಅಂದ್ರೆ ಏನು ಅಂತ ನಮ್ಮೂರ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಅನುವಾದದ ಮಾತಿಗೆ ಬಂದರೆ ನನಗೆ ಬಿಪಿ ಏರುತ್ತೆ. ಕನ್ನಡದಲ್ಲಿ ಸಿಗೋ ಹೊಸ ಚಿತ್ರಪುಸ್ತಕಗಳಲ್ಲಿ ಬಹಳಷ್ಟು ಅನುವಾದ. ಅದರಲ್ಲಿ ತಪ್ಪಿಲ್ಲ. ತಪ್ಪಿರೋದು ಪುಟ ತಿರುವೋ ಕಡೆ. ಇಂಗ್ಲಿಷಿನಲ್ಲಿ ಒಂದು ಪುಟದ ಕೊನೆಗೆ 'ಆಮೇಲೆ ಅವನಿಗೆ ಕಂಡದ್ದು' ಅನ್ನೋ ಅರ್ಥದ ಮಾತು ನಿಲ್ಲುತ್ತೆ, ಪುಟ ತಿರುವಿದರೆ ದೊಡ್ಡದಾಗಿ ಕರಡಿ. ಅವರ ಭಾಷೆಯಲ್ಲಿ ಕ್ರಿಯಾಪದ ಮೊದಲು, ಕರಡಿ ಆಮೇಲೆ. ನಮ್ಮಲ್ಲಿ ಕರಡಿ ಮೊದಲು, ನೋಡೋದು ಆಮೇಲೆ. ನಿದ್ದೆಗಣ್ಣಲ್ಲಿ ಅನುವಾದ ಮಾಡಿದವರು ಈ ಪುಟದಲ್ಲೇ 'ಅವನು ಒಂದು ಕರಡಿಯನ್ನು' ಅಂತ ಗುಟ್ಟು ಬಿಟ್ಟುಕೊಟ್ಟು, ತಿರುವಿದ ಪುಟದಲ್ಲಿ 'ನೋಡಿದನು' ಅಂತ ಹಾಕಿರ್ತಾರೆ. ಮಗು ಪುಟ ತಿರುವೋದು ಕರಡಿಗೋಸ್ಕರ, 'ನೋಡಿದನು'ಗೋಸ್ಕರ ಅಲ್ಲ. 'ಆಮೇಲೆ ಅವನ ಕಣ್ಣಿಗೆ ಬಿದ್ದದ್ದು…' ಅಂತ ನಿಲ್ಲಿಸಿದ್ರೆ ಮುಗೀತಿತ್ತು. ಕನ್ನಡಕ್ಕೆ ಆ ಶಕ್ತಿ ಇಲ್ಲ ಅಂತಲ್ಲ, ಗಟ್ಟಿಯಾಗಿ ಓದಿ ನೋಡೋ ಪುರುಸೊತ್ತು ಇಲ್ಲ.

ಸದ್ದುಗಳ ಕಥೆ ಇನ್ನೂ ಖರಾಬು. ಕಪ್ಪೆ ನೀರಿಗೆ ಹಾರಿದರೆ 'ಸ್ಪ್ಲಾಶ್!', ಗಾಳಿ ಬೀಸಿದರೆ 'ವೂಶ್!' ಅಂತ ಕನ್ನಡ ಅಕ್ಷರದಲ್ಲಿ ಬರೆದಿರ್ತಾರೆ. ಸದ್ದಿಗೆ ನಮ್ಮ ಭಾಷೆಯಷ್ಟು ಶ್ರೀಮಂತ ಭಾಷೆ ಇನ್ನೊಂದು ಇದ್ದೀತಾ ಅಂತ ನನಗೆ ಅನುಮಾನ. ಗುಳುಂ, ಬುಳುಕ್, ದಬಕ್, ಧೊಪ್, ಸರ್ರನೆ, ಭರ್ರನೆ, ಪಿಳಿಪಿಳಿ, ಗಡಗಡ, ಚುರುಚುರು. ಕಲ್ಲು ಬಾವಿಗೆ ಬಿದ್ದರೆ ಒಂದು, ಕೊಡ ಬಿದ್ದರೆ ಇನ್ನೊಂದು, ಎಮ್ಮೆ ಬಿದ್ದರೆ ಮತ್ತೊಂದು. ಮೂರು ವರ್ಷದ ಮಗುವಿಗೆ ಇಷ್ಟೂ ಗೊತ್ತು. ಪುಸ್ತಕಕ್ಕೆ ಗೊತ್ತಿಲ್ಲ.

ಆಮೇಲೆ 'ಹೋದನು, ಬಂದನು, ತಿಂದನು'. ಮಾತಾಡೋವಾಗ ಯಾರು ಹೀಗಂತಾರೆ? ನಮ್ಮ ಕಡೆ ಮಗು ತಾಯಿಯನ್ನ ಅವ್ವ ಅನ್ನುತ್ತೆ. ಹೊಸ ಪುಸ್ತಕಗಳಲ್ಲಿ ಅವ್ವ ಬಂದ್ರೆ ಅವಳು ಒಂದೋ ಅಜ್ಜಿ, ಇಲ್ಲಾ ಬಡವಿ. ಮಾಮೂಲಿ ತಾಯಿ ಯಾವಾಗಲೂ ಅಮ್ಮ, ಬೆಳಗಾದರೆ ಇಡ್ಲಿ ಮಾಡ್ತಾಳೆ. ಎಲ್ಲ ಪುಸ್ತಕವನ್ನೂ ನಮ್ಮ ಸೀಮೆಯ ಮಾತಲ್ಲೇ ಬರೀಬೇಕು ಅಂತ ನನ್ನ ಹಟ ಇಲ್ಲ. ಮಂಗಳೂರಿನ ಮಗು, ಬೀದರಿನ ಮಗು, ಕಾಸರಗೋಡಿನ ಮಗು ಎಲ್ಲರೂ ಓದಬೇಕು. ಆದ್ರೆ ಹತ್ತರಲ್ಲಿ ಒಂದರಲ್ಲಾದರೂ ಅವ್ವ ರೊಟ್ಟಿ ಬಡೀಲಿ, ಮಂಡಕ್ಕಿ ಒಗ್ಗರಣೆ ಕಲಸಲಿ.

ಅಚ್ಚಿನ ಒಂದು ವಿಷಯ, ಇದು ಯಾರೂ ಗಮನಿಸಲ್ಲ. ಬಣ್ಣದ ಮುದ್ರಣಕ್ಕೆ ನಾಲ್ಕು ಪ್ಲೇಟು ಬೇಕು. ಒಂದೇ ಪುಸ್ತಕವನ್ನ ಹಲವು ಭಾಷೆಗಳಲ್ಲಿ ಒಟ್ಟಿಗೆ ಅಚ್ಚು ಹಾಕಿದರೆ ಚಿತ್ರದ ಪ್ಲೇಟುಗಳನ್ನ ಹಾಗೇ ಇಟ್ಟುಕೊಂಡು ಕಪ್ಪು ಅಕ್ಷರದ್ದೊಂದನ್ನ ಬದಲಿಸಿದರೆ ಸಾಕು. ಬೆಲೆ ಇಳಿಯುತ್ತೆ. ತೂಲಿಕಾದವರು ಕನ್ನಡವೂ ಸೇರಿ ಒಂಬತ್ತು ಭಾಷೆಯಲ್ಲಿ ತರೋದು, ನ್ಯಾಷನಲ್ ಬುಕ್ ಟ್ರಸ್ಟಿನವರು 1957ರಲ್ಲಿ ಶುರುವಾದಾಗಿಂದ ಕಡಿಮೆ ಬೆಲೆಗೆ ಕೊಡ್ತಾ ಬಂದಿರೋದು, ಇವು ದೊಡ್ಡ ಉಪಕಾರ. ಆದ್ರೆ ಚಿತ್ರದಲ್ಲಿ ಅಕ್ಷರಕ್ಕೆ ಬಿಟ್ಟ ಜಾಗ ಇಂಗ್ಲಿಷಿನ ಅಳತೆಯದ್ದಾದರೆ ಏನಾಗುತ್ತೆ? ಕನ್ನಡದ ಶಬ್ದ ಉದ್ದ, ಅದಕ್ಕೆ ತಲೆಕಟ್ಟು ಬೇಕು, ಕೆಳಗೆ ಒತ್ತಿಗೆ ಜಾಗ ಬೇಕು. ಮೂರು ಸಾಲು ಐದಾಗುತ್ತೆ, ಅಕ್ಷರ ಸಣ್ಣ ಮಾಡ್ತಾರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತೆ. ಆಗ ತಾನೇ ಅಕ್ಷರ ಕೂಡಿಸ್ತಿರೋ ಮಗು 'ಕ್ಷ' ಯಾವುದು, ಕೆಳಗಿನ 'ಕಿ' ಯಾವುದು ಅಂತ ತಡಕಾಡುತ್ತೆ. ನಾವು ಮಗುವಿಗೆ ಓದು ಬರಲ್ಲ ಅಂತೀವಿ. ಪುಸ್ತಕವನ್ನ ಒಂದು ಮೊಳ ದೂರ ಹಿಡಿದು ನೋಡಿ, ಒತ್ತಕ್ಷರ ಬಿಡಿಸಿ ಕಾಣದಿದ್ದರೆ ಎಂಥ ಪ್ರಶಸ್ತಿ ಬಂದಿದ್ರೂ ವಾಪಸ್ ಇಡಿ.

ಕರಡಿಗೆ ಬರ್ತೀನಿ. ಆ ಡಬ್ಬಿಯಲ್ಲಿ ಕರಡಿಗಳೇ ಕರಡಿಗಳು. ಕೆಂಪು ಸ್ವೆಟರ್ ಹಾಕಿದ ಕಂದು ಕರಡಿ, ಕೊಡೆ ಹಿಡಿದದ್ದು, ಚಹಾ ಕುಡಿಯೋದು. ಕೂಡ್ಲಿಗಿ ಕಡೆ ಅಜ್ಜಿ ಊರಿರೋ ಒಬ್ಬ ಹುಡುಗ, ಎರಡನೇ ಇಯತ್ತೆ, ಒಂದು ಪುಸ್ತಕ ಹಿಡಿದು ಬಂದ.

'ಮಾಮಾ, ಇದೇನಿದು?'

'ಕರಡಿ.'

'ಇದು ಕರಡಿ ಅಲ್ಲ ತಗೋ. ಕರಡಿ ಕರ್ರಗಿರ್ತೈತಿ. ಇದಕ್ಯಾಕ ಸ್ವೆಟ್ರು, ಮೈಮ್ಯಾಲೆ ಕೂದ್ಲಿಲ್ಲೇನು?'

ಕೂಡ್ಲಿಗಿ ತಾಲ್ಲೂಕಲ್ಲಿ ಗುಡೇ­ಕೋಟೆ ಕರಡಿಧಾಮ ಇದೆ. ಅತ್ತ ಹೊಸಪೇಟೆ ದಾಟಿದರೆ ದರೋಜಿ. ಕಲ್ಲುಗುಡ್ಡದ ಸೀಮೆ, ಕರಡಿಯ ಸೀಮೆ. ಈ ಕರಡಿ ಕಪ್ಪು, ಜಡೆಜಡೆ ಕೂದಲು, ಎದೆಯ ಮೇಲೆ ಇಂಗ್ಲಿಷಿನ ವಿ ಆಕಾರದ ಬಿಳಿ ಗುರುತು. ಗೆದ್ದಲು ಹುತ್ತ ಬಗೆದು ಸೊರ್ರನೆ ಹೀರುತ್ತೆ. ತಾಯಿ ಮರಿಗಳನ್ನ ಬೆನ್ನ ಮೇಲೆ ಕೂರಿಸ್ಕೊಂಡು ಹೋಗುತ್ತೆ. ರಾತ್ರಿ ಹೊಲಕ್ಕೆ ಇಳಿದರೆ ಜನ ತಮಟೆ ಬಡೀತಾರೆ. ಮಕ್ಕಳಿಗೆ ಅದರ ಭಯ ಗೊತ್ತು, ಮೈಲಾರದ ಜಾತ್ರೆಯಲ್ಲಿ ಗೊರವಪ್ಪನ ತಲೆಮೇಲಿನ ಕರಡಿಗೂದಲ ಟೋಪಿಯೂ ಗೊತ್ತು. ಬೆನ್ನ ಮೇಲೆ ಎರಡು ಮರಿ ಹೊತ್ತ ತಾಯಿ ಕರಡಿ, ದೂರದಲ್ಲಿ ತಮಟೆ ಸದ್ದು. ಚಿತ್ರಪುಸ್ತಕಕ್ಕೆ ಇದಕ್ಕಿಂತ ಒಳ್ಳೆ ಹರವು ಬೇಕಾ? ನಾನು ನೋಡಿದ ಕನ್ನಡ ಪುಸ್ತಕಗಳಲ್ಲಿ ಆ ಚಿತ್ರ ಇನ್ನೂ ಕಂಡಿಲ್ಲ. ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ನೀರಲ್ಲಿ ನಿಂತ ಕರಿಜಾಲಿ ಮರಗಳ ತುಂಬ ಹಕ್ಕಿಗೂಡು. ಅಲ್ಲಿನ ಮಕ್ಕಳ ಕೈಲಿರೋ ಹಕ್ಕಿಪುಸ್ತಕದಲ್ಲಿ ಪೆಂಗ್ವಿನ್.

ಸ್ವೆಟರ್ ಕರಡಿ ಮೇಲೆ ನನಗೆ ಹಗೆ ಇಲ್ಲ, ಪೆಂಗ್ವಿನ್ ಮೇಲಂತೂ ಮೊದಲೇ ಇಲ್ಲ. ನಮ್ಮೂರ ಮಗು ಹಿಮ ನೋಡಲಿ, ಸಮುದ್ರ ನೋಡಲಿ. ಬೇರೆಯವರ ಲೋಕ ತೋರಿಸೋ ಪುಸ್ತಕವೂ ಬೇಕು, ತನ್ನ ಲೋಕ ಇರೋ ಪುಸ್ತಕವೂ ಬೇಕು. ಬರೀ ಬೇರೆಯವರದ್ದೇ ನೋಡ್ತಾ ಬೆಳೆದ ಮಗು, ಪುಸ್ತಕಕ್ಕೆ ಬರೋ ಯೋಗ್ಯತೆ ನಮ್ಮೂರಿಗಿಲ್ಲ ಅಂತ ತಿಳಿಯುತ್ತೆ. ನಾವೆಲ್ಲ ಹಾಗೇ ತಿಳಿದು ಬಂದವರು ತಾನೇ, ಇಲ್ಲಾಂದ್ರೆ ಮೊದಲ ಸಂಬಳಕ್ಕೇ ಊರಿನ ಹೆಸರು ನುಂಗಿ 'ನಿಯರ್ ಹಂಪಿ' ಅಂತ ಯಾಕೆ ಹೇಳ್ತಿದ್ವಿ?

ಆದ್ರೆ 'ಲೋಕಲ್' ಅನ್ನೋ ಹೆಸರಲ್ಲಿ ಬರೋ ಮೋಸ ಬೇರೆ ಇದೆ, ಎಚ್ಚರ. ಪುಸ್ತಕದಲ್ಲಿ ಹಳ್ಳಿ ಅಂದ ಕೂಡಲೇ ಹುಲ್ಲಿನ ಗುಡಿಸಲು, ಹಿಂದೆ ಎರಡು ತೆಂಗಿನಮರ, ಮುಂದೆ ಹೊಳೆ, ಮೂಲೆಯಲ್ಲಿ ಅರ್ಧ ಸೂರ್ಯ. ಡ್ರಾಯಿಂಗ್ ಕ್ಲಾಸಿನ ಹಳ್ಳಿ. ನಮ್ಮ ಕಡೆ ಮಾಳಿಗೆ ಮನೆ, ಇಲ್ಲಾ ಆರ್‌ಸಿಸಿ. ಮೇಲೆ ಡಿಶ್ಶು, ಮುಂದೆ ಬೈಕು, ಕಟ್ಟೆ ಮೇಲೆ ಪಬ್ಜಿ ಆಡೋ ಅಣ್ಣಂದಿರು, ಮೂಲೆಯಲ್ಲಿ ಶುದ್ಧ ನೀರಿನ ಘಟಕ. ಬುಡಕಟ್ಟು ಕಲೆ ಅಂತ ಎಲ್ಲದಕ್ಕೂ ವರ್ಲಿ ಬಳಿಯೋದೂ ಇದೇ ಜಾತಿಯ ಸೋಮಾರಿತನ. ಗೊಂಡ ಕಲಾವಿದರ ಜೊತೆ ಕೂತು ತಾರಾ ಬುಕ್ಸ್ 'ದ ನೈಟ್ ಲೈಫ್ ಆಫ್ ಟ್ರೀಸ್' ತಂದದ್ದು ಬೇರೆ ಮಾತು. ಅಲ್ಲಿ ಭಜ್ಜು ಶ್ಯಾಮ್, ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ ಅಂತ ಬಿಡಿಸಿದವರ ಹೆಸರು ಹೊದಿಕೆಯ ಮೇಲಿದೆ. ನಮ್ಮಲ್ಲಿ ತೊಗಲುಗೊಂಬೆಯವರಿದ್ದಾರೆ, ಸಂಡೂರಿನ ಲಂಬಾಣಿ ಕಸೂತಿಯವರಿದ್ದಾರೆ, ಕಿನ್ನಾಳದವರಿದ್ದಾರೆ. ಅವರ ಕೆಲಸವನ್ನ ಪುಟದ ಅಂಚಿಗೆ ಬಾರ್ಡರ್ ಮಾಡಿ ಬಿಡೋದಲ್ಲ, ಕಥೆಯನ್ನೇ ಅವರ ಕೈಗೆ ಕೊಡೋ ಪ್ರಕಾಶಕರು ಬೇಕು. ಕನ್ನಡದಲ್ಲಿ ಇದೆಲ್ಲ ಆಗದ ಮಾತು ಅನ್ನೋರಿಗೆ ಒಂದು ನೆನಪು: ಅಮರ ಚಿತ್ರಕಥೆ ಮೊದಲು ಬಂದದ್ದು ಇಂಗ್ಲಿಷಲ್ಲಲ್ಲ. 1965ರಲ್ಲಿ, ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಂ ಹಟದಿಂದ, ಕನ್ನಡದಲ್ಲಿ.

ಕೊಂಡ ಮೇಲೂ ಒಂದು ಗಂಡಾಂತರ ಇದೆ, ಬೀಗ. ಒಳ್ಳೆ ಪುಸ್ತಕ ಬಂದ ಕೂಡಲೇ ಅದು ಗಾಜಿನ ಬೀರುವಿಗೆ ಹೋಗುತ್ತೆ. ನಮ್ಮ ಕಡೆಯ ಒಂದು ಲೈಬ್ರರಿಯಲ್ಲಿ ಇದನ್ನ ಕೇಳಿದೆ. 'ಹರದ್ರ ನಾನ ಕಟ್ಟಬೇಕ್ರಿ ಅಣ್ಣಾರ, ಸ್ಟಾಕ್ ಬುಕ್ಕಿನ್ಯಾಗ ಬರದೈತಿ' ಅಂದರು ಅಲ್ಲಿನ ಮೇಡಂ. ಗೌರವಧನದ ಮೇಲೆ ದುಡಿಯೋ ಹೆಣ್ಣುಮಗಳು, ಅವರನ್ನ ಏನಂತ ಬೈಯೋದು? ಆದ್ರಿಂದ ದುಡ್ಡು ಕೊಡೋರು ಒಂದು ಮಾತು ಬರೆದು ಕೊಡಬೇಕು: ಈ ಪುಸ್ತಕ ಹರಿಯಲಿ ಅಂತಲೇ ಕೊಟ್ಟಿದ್ದೇವೆ, ಹರಿದರೆ ಇನ್ನೊಂದು ಪ್ರತಿ ಕಳಿಸ್ತೇವೆ. ವರ್ಷ ಕಳೆದ ಮೇಲೆ ಯಾವ ಪುಸ್ತಕದ ಪಿನ್ನು ಕಿತ್ತು ಹಾಳೆ ಕೈಗೆ ಬಂದಿದೆಯೋ ಅದು ಗೆದ್ದ ಪುಸ್ತಕ. ಹೊಳೆಯೋ ಪುಸ್ತಕದ ಫೋಟೊ ರಿಪೋರ್ಟಿಗೆ ಚೆಂದ, ಆದ್ರೆ ಅದನ್ನ ಯಾರೂ ಮುಟ್ಟಿಲ್ಲ.

ಸ್ಟೋರಿವೀವರ್ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ್ದು, ಪುಕ್ಕಟೆ, ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಿಸಬಹುದು. ದೊಡ್ಡ ಖಜಾನೆ. ಆದ್ರೆ ಟೀಮ್ ಔಟಿಂಗ್ ಬದಲು ಒಂದು ಶನಿವಾರ ಕೂತು 'ಐವತ್ತು ಪುಸ್ತಕ ಕನ್ನಡಕ್ಕೆ' ಅಂತ ರೇಸ್ ಇಡಬೇಡಿ. ಒಂದೇ ಪುಸ್ತಕ ತಗೊಳ್ಳಿ. ಮಾಡಿದ್ದನ್ನ ನಿಮ್ಮ ಊರಿನ ಯಾವುದಾದರೂ ಮಗುವಿಗೆ ಫೋನಲ್ಲಿ ಗಟ್ಟಿಯಾಗಿ ಓದಿ. ಅದು ನಡುವೆ ಎದ್ದು ಹೋದ ಸಾಲನ್ನ ತಿದ್ದಿ.

ನಮ್ಮ ಗೆಳೆಯರ ಗುಂಪು ಈ ಸಲ 25,000 ರೂಪಾಯಿ ಕೂಡಿಸಿದೆ. ಕಿಟ್ ತಗೊಂಡರೆ ಐನೂರು ಪುಸ್ತಕ ಬರುತ್ತೆ ಅಂತ ಅರ್ಧ ಜನ. ನನ್ನ ಲೆಕ್ಕ ಬೇರೆ: ಐವತ್ತು ಪುಸ್ತಕ ಆರಿಸಿ, ಒಂದೊಂದಕ್ಕೆ ಐದೈದು ಪ್ರತಿ. ಐದು ಮಕ್ಕಳು ಒಟ್ಟಿಗೆ ಕೂತು ಒಂದೇ ಪುಟ ತಿರುವಬೇಕು, ಆಗಲೇ ಜಗಳ, ಆಗಲೇ ನಗು. ಇನ್ನೂ ಮಾತಿಲ್ಲದ ಪುಸ್ತಕ ಒಂದೆಂಟಾದರೂ ಬೇಕು. ತಾಂಡಾದ ಮಕ್ಕಳು ಮನೇಲಿ ಲಂಬಾಣಿ ಮಾತಾಡೋರು, ಅವರು ತಮ್ಮ ಮಾತಲ್ಲೇ ಕಥೆ ಕಟ್ಟಲಿ. ಈವರೆಗೆ 31 ಆರಿಸಿದ್ದೀನಿ. ಪಟ್ಟಿಯಲ್ಲಿ ನಿಮ್ಮ ಮೆಚ್ಚಿನ ಎರಡು ಮಾಯವಾಗಿವೆ ಅಂತ ಗ್ರೂಪಲ್ಲಿ ಸಿಟ್ಟಾದೋರು ಇದ್ದೀರಿ. ಒಂದರಲ್ಲಿ ಒತ್ತಕ್ಷರ ಕಾಣಲ್ಲ, ಇನ್ನೊಂದರ ಕೊನೆಗೆ 'ನೀತಿ' ಇದೆ. ಉಳಿದವುಗಳಲ್ಲಿ ಅನುಮಾನ ಇರೋ 14ನ್ನ ಈ ಶುಕ್ರವಾರ ರಾತ್ರಿಯ ಹಡಗಲಿ ಬಸ್ಸಿಗೆ ಒಯ್ತಿದ್ದೀನಿ. ಶನಿವಾರ, ಭಾನುವಾರ ಓದಿ ನೋಡ್ತೀವಿ, ಮಕ್ಕಳು ಎರಡನೇ ಸಲ ಕೇಳಿದ್ದು ಪಟ್ಟಿಗೆ. ಅಲ್ಲೀತನಕ ಕಿಟ್ಟಿನವನಿಗೆ ಯಾರೂ ಅಡ್ವಾನ್ಸ್ ಹಾಕಬೇಡಿ.